ಡೆಲಿಯಾ ದೊಡ್ಡಮ್ಮನ ಹಳೇ ನಡಿಗೆ

ದೊಡ್ಡಮ್ಮ ಒಲೆಯ ಹತ್ತಿರದಿಂದ ಹಿತ್ತಿಲ ಬಾಗಿಲಿನವರೆಗೆ ನೆಟ್ಟಗೆ ನಡೆದುಹೋದಳು. ಅದನ್ನು ನೋಡಿ ಲೋರ್ಕನ್‌ಗೆ ಬಾಯಲ್ಲಿದ್ದ ಸೋಡಾ ಬ್ರೆಡ್ ಗಂಟಲಲ್ಲಿ ಇಳಿಯಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸಂತೋಷಪಡುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು, ಹೋದ ಚಳಿಗಾಲದವರೆಗೂ ಎಡಗಾಲನ್ನು ಕುಡುಗೋಲಿನ ಹಾಗೆ ಹೊರಕ್ಕೆ ಬೀಸಿ, ಒಂದು ಗಳಿಗೆ ನಿಂತು, ಸೊಂಟಕ್ಕೆ ಕೈಕೊಟ್ಟು, ಭುಜ ಇಳಿಸಿ, ಆಮೇಲೆ ಬಲಗಾಲನ್ನು ಧೊಪ್ಪೆಂದು ಇಡುತ್ತಿದ್ದವಳು. ಈಗ ಲಿಮರಿಕ್‌ನ ಆಸ್ಪತ್ರೆಗೆ ಹೋಗಿ ಸೊಂಟಕ್ಕೆ ಹೊಸ ಕೀಲು ಹಾಕಿಸಿಕೊಂಡು ಬಂದಮೇಲೆ, ಕಾನ್ವೆಂಟಿನ ಹುಡುಗಿಯ ಹಾಗೆ ಓಡಾಡುತ್ತಿದ್ದಳು. ಬೇಕಿಲ್ಲದಿದ್ದರೂ ಅಂಚೆ ಕಚೇರಿಯ ಮುಂದೆ ಒಂದು ಸಲ ಹೋಗುವುದು, ಏನೋ ಮರೆತವಳ ಹಾಗೆ ಹಣೆ ಬಡಿದುಕೊಂಡು ಮತ್ತೊಂದು ಸಲ ಬರುವುದು. ಆ ಹಳೆಯ ನಡಿಗೆ ಲೋಕದಲ್ಲಿ ಈಗ ಒಂದೇ ಕಡೆ ಉಳಿದಿತ್ತು. ಲೋರ್ಕನ್ ಅದನ್ನು ಕದ್ದು, ಕಾಗದದ ಮೇಲೆ ಪೆನ್ಸಿಲಿನಲ್ಲಿ ಬಿಡಿಸಿ, ಸಿನಿಮಾದ ಮಾಟಗಾತಿಯೊಬ್ಬಳಿಗೆ ಕೊಟ್ಟುಬಿಟ್ಟಿದ್ದ. ಇವತ್ತು ಮಧ್ಯಾಹ್ನ ಚರ್ಚ್ ಹಾಲ್‌ನಲ್ಲಿ ಇಡೀ ಊರು ಕೂತು ಅದನ್ನು ನೋಡುವುದಿತ್ತು.

ಮಾಟಗಾತಿ ಎಂದರೆ ಸುಮ್ಮನೆ ಮಾಟಗಾತಿಯಲ್ಲ. ನಮ್ಮ ಕಡೆ ಕೈಲ್ಯಾಖ್ ಅನ್ನುತ್ತಾರೆ, ಚಳಿಗಾಲವನ್ನು ಆಳುವ ಮುದುಕಿ, ಉಡಿತುಂಬ ಬಂಡೆ ಹೊತ್ತು ನಡೆಯುತ್ತ ಕಂಡಕಂಡಲ್ಲಿ ಬೀಳಿಸಿ ಗುಡ್ಡ ಮಾಡಿಬಿಡುವವಳು. ಲೋರ್ಕನ್ ಕೆಲಸ ಮಾಡುವ ಕಾರ್ಟೂನ್ ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಕಲ್ಲಜ್ಜಿ ಎಂದು ಕರೆಯುತ್ತಿದ್ದರು. ಒಬ್ಬ ಹುಡುಗಿ, ಒಂದು ಮಾತಾಡುವ ಮೇಕೆ, ಇಬ್ಬರೂ ಸೇರಿ ಕಲ್ಲಜ್ಜಿಯ ಉಡಿಯಿಂದ ವಸಂತವನ್ನು ಬಿಡಿಸಿಕೊಂಡು ಬರುವ ಕಥೆ. ಒಂದೊಂದು ಸೆಕೆಂಡಿಗೂ ಹನ್ನೆರಡು ಚಿತ್ರ ಕೈಯಲ್ಲೇ ಬರೆಯಬೇಕು. ಲೋರ್ಕನ್‌ಗೆ ಕಲ್ಲಜ್ಜಿಯ ಪಾಲು ಬಂದಿತ್ತು. ಮೊದಲ ಸಲ ಅವನು ಬರೆದ ನಡಿಗೆಯನ್ನು ನೋಡಿ ನಿರ್ದೇಶಕಿ ಗ್ರಾನ್ಯ ತಲೆ ಕೆರೆದುಕೊಂಡಿದ್ದಳು. "ಇವಳು ಗುಡ್ಡ ಹುಟ್ಟಿಸೋ ಹೆಂಗಸೋ, ಬಸ್ಸಿಗೆ ಕಾಯ್ತಿರೋ ಹೆಂಗಸೋ? ಜೀವ ಇಲ್ಲ ಕಣಯ್ಯಾ ಇದ್ರಲ್ಲಿ." ಆ ಸಂಜೆ ಅವನು ಬಸ್ಸಿನಲ್ಲಿ ಮನೆಗೆ ಬಂದು ಇದೇ ಮೇಜಿನ ಮುಂದೆ ಮುಖ ಇಳಿಬಿಟ್ಟುಕೊಂಡು ಕೂತಿದ್ದ. ಸ್ಟುಡಿಯೋ ಇದ್ದ ಗಾಲ್ವೇಯಲ್ಲಿ ಬಾಡಿಗೆ ಕಟ್ಟಲಾಗದೆ ದೊಡ್ಡಮ್ಮನ ಹಿಂದಿನ ಕೋಣೆಗೆ ಬಂದು ಸೇರಿದ್ದ ಕಾಲ ಅದು. ಕಿಟಕಿಯಾಚೆ ದೊಡ್ಡಮ್ಮ ಬಕೆಟ್ ಹಿಡಿದು ಕೋಳಿಗೂಡಿನ ಕಡೆ ಹೋಗುತ್ತಿದ್ದಳು. ಬೀಸು, ನಿಲ್ಲು, ಇಳಿ, ಧೊಪ್. ಅವನ ಕೈ ತಾನಾಗಿ ಓಡಿತು. ಆ ಹೊತ್ತಿನಲ್ಲಿ ಅದು ದೊಡ್ಡಮ್ಮ ಎಂದು ಅವನಿಗೆ ಅನ್ನಿಸಿರಲೇ ಇಲ್ಲ. ಚಹಾ ತಂದಿಟ್ಟವಳು ಮೇಜಿನ ಆ ಬದಿಯಿಂದ, ತಲೆಕೆಳಗಾಗಿ, ಚಿತ್ರವನ್ನು ನೋಡಿ, "ಹಸು ಚೆನ್ನಾಗಿ ಬಂದಿದೆ," ಅಂದಿದ್ದಳು.

ಬರೆದ ಮೇಲೆ ಮಾಡಿ ನೋಡಬೇಕು, ಅದು ನಮ್ಮ ಕಸುಬಿನ ಪದ್ಧತಿ. ಲೋರ್ಕನ್ ಏಪ್ರನ್ ಕಟ್ಟಿ ಅದರಲ್ಲಿ ಆಲೂಗಡ್ಡೆ ತುಂಬಿಕೊಂಡು ಸ್ಟುಡಿಯೋದ ಕಾರಿಡಾರಿನುದ್ದಕ್ಕೂ ದೊಡ್ಡಮ್ಮನ ಹಾಗೆ ನಡೆದ. ಗ್ರಾನ್ಯ ಮೊಬೈಲಿನಲ್ಲಿ ಹಿಡಿದಳು. ಮತ್ತೆ ನಡೆ, ಇನ್ನೂ ನಿಧಾನ, ಈಗ ಗಾಳಿ ಎದುರಿಗಿದೆ, ಈಗ ಇಳಿಜಾರು. ವಾರಗಟ್ಟಲೆ. ಕೆಳಗಿನ ಮಹಡಿಯ ಹಲ್ಲಿನ ಡಾಕ್ಟರು ಒಂದು ದಿನ ಮೇಲೆ ಬಂದು, ತಮ್ಮ ರೋಗಿಗಳು ಬಾಯಿ ತೆರೆದಾಗಲೇ ಈ ಧೊಪ್ ಶಬ್ದ ಆಗುತ್ತದಲ್ಲ, ಮೇಲೆ ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಅವನು ಬರೆದ ಮುಖ್ಯ ಭಂಗಿಗಳ ನಡುವಿನ ಚಿತ್ರಗಳನ್ನು ಬರೆದು ತುಂಬುವವರಿಗೂ ಆ ನಡಿಗೆ ಅಂಟಿಕೊಂಡಿತು. ಚಹಾದ ಹೊತ್ತಿಗೆ ಕೆಟಲ್ ಕಡೆಗೆ ಇಡೀ ಸ್ಟುಡಿಯೋ ಎಡಗಾಲು ಬೀಸಿಕೊಂಡು ಹೋಗುತ್ತಿತ್ತು. ಎಲ್ಲರೂ ನಗುತ್ತಿದ್ದರು, ಅವನೂ ನಕ್ಕಿದ್ದ, ಬೇರೆಯವರಿಗಿಂತ ಜೋರಾಗಿಯೇ ನಕ್ಕಿದ್ದ. ಆಮೇಲೆ ಗ್ರಾನ್ಯಳಿಗೆ ಒಂದು ಒಳ್ಳೆಯ ಯೋಚನೆ ಬಂತು. ಸಿನಿಮಾದ ಗುಡ್ಡಗಳೆಲ್ಲ ಲೋರ್ಕನ್‌ನ ಊರಿನವು, ಹಾಗಾಗಿ ಮೊದಲು ಆ ಊರಿನವರಿಗೇ ತೋರಿಸೋಣ. ಒಳ್ಳೆಯ ಯೋಚನೆ ಬರುವ ಜನರನ್ನು ಕಂಡರೆ ಲೋರ್ಕನ್‌ಗೆ ಆವತ್ತಿನಿಂದ ಆಗುವುದಿಲ್ಲ.

"ದೊಡ್ಡಮ್ಮ," ಅವನು ಬ್ರೆಡ್ಡನ್ನು ಚಹಾದಿಂದ ಒಳಕ್ಕೆ ನೂಕಿಕೊಂಡು ಶುರುಮಾಡಿದ, "ಆ ಹಾಲ್‌ನಲ್ಲಿ ಮರದ ಕುರ್ಚಿ. ಸಿನಿಮಾ ಬೇರೆ ಉದ್ದ. ನಿನ್ನ ಸೊಂಟಕ್ಕೆ..."

"ನನ್ನ ಸೊಂಟ ಟೈಟೇನಿಯಂ ಕಣೋ. ಮುರಿದ್ರೆ ಕುರ್ಚಿ ಮುರೀಬೇಕು."

"ಅದು ಮಕ್ಕಳ ಸಿನಿಮಾ."

"ಮೂವತ್ತನಾಲ್ಕು ವರ್ಷದ ಮಗೂಗೆ ದಿನಾ ಮೊಟ್ಟೆ ಬೇಯಿಸಿ ಕೊಡ್ತಿಲ್ವಾ? ಅಭ್ಯಾಸ ಇದೆ ನಂಗೆ."

"ಭಯ ಆಗೋಂಥ ಶಬ್ದಗಳಿವೆ."

"ಚರ್ಚಲ್ಲಿ ಫಾದರ್ ಟಿಯರ್ನಿ ಹಾಡೋದನ್ನ ವಾರವಾರ ಕೇಳ್ತೀನಿ." ದೊಡ್ಡಮ್ಮ ಬಾಗಿಲ ಹಿಂದಿನಿಂದ ಹೊಸ ನೀಲಿ ಕೋಟು ತೆಗೆದು ಬೆಳಕಿಗೆ ಹಿಡಿದಳು. "ನೋಡು, ಆಪರೇಷನ್ ಆದ್ಮೇಲೆ ಇಡೀ ಊರು ಒಂದೇ ಕಡೆ ಸಿಗ್ತಿರೋದು ಇದೇ ಮೊದ್ಲು. ಭಾನುವಾರದ ಮಾಸ್‌ಗೆ ಈಗ ಯಾರು ಬರ್ತಾರೆ, ನಾವು ನಾಲ್ಕು ಮುದುಕೀರು. ಇವತ್ತು ಕುರ್ಚಿಗಳ ಮಧ್ಯೆ ನಡ್ಕೊಂಡು ಸೀದಾ ಮುಂದಿನ ಸಾಲಿಗೆ ಹೋಗಿ ಕೂತ್ಕೋತೀನಿ. ನಲವತ್ತು ವರ್ಷ ಕುಂಟ್ಕೊಂಡು ಓಡಾಡಿದ್ದನ್ನ ನೋಡಿದಾರೆ, ಇದನ್ನೂ ನೋಡ್ಲಿ. ಆ ಹಳೇ ಡೆಲಿಯಾನ ಎಲ್ರೂ ಮರ್ತುಬಿಡ್ಬೇಕು, ಅಷ್ಟೇ."

ಅಷ್ಟೇ ಅಂತೆ. ನೀಲಿ ಕೋಟಿನ ಮೇಲಿನ ಬೆಲೆಚೀಟಿಯನ್ನು ಅವಳು ಹಲ್ಲಿನಿಂದ ಕಚ್ಚಿ ಕಿತ್ತಳು. ಅವನ ಕಣ್ಣಿಗೆ ಅದೂ ಬಿಡಿ ಬಿಡಿ ಚಿತ್ರವಾಗಿ ಕಂಡಿತು: ತುಟಿ ಮೇಲೆ, ಹಲ್ಲು, ಎಳೆತ, ಗೆಲುವು. ಈಗಲೇ ಹೇಳಿಬಿಡಬೇಕು ಅಂದುಕೊಂಡ. ಹೇಳಿದರೆ ಬೈಯುತ್ತಾಳೆ, ಬೈದರೆ ಬೈಸಿಕೊಂಡರಾಯಿತು, ಬೈಸಿಕೊಳ್ಳುವುದರಲ್ಲಿ ಅವನಿಗೆ ಅನುಭವವಿದೆ. "ದೊಡ್ಡಮ್ಮ, ಆ ಸಿನಿಮಾದಲ್ಲಿ ಒಬ್ಬ ಅಜ್ಜಿ ಇದಾಳೆ," ಎಂದು ಬಾಯಿ ತೆರೆದ. ಅಷ್ಟರಲ್ಲಿ ಹಿತ್ತಿಲಲ್ಲಿ ಕೋಳಿಗಳು ಕೂಗಿಕೊಂಡವು, ದೊಡ್ಡಮ್ಮ ಬಕೆಟ್ ಎತ್ತಿಕೊಂಡು ಹೊರಟೇಬಿಟ್ಟಳು.

ಕೋಳಿಗಳ ಸಮಾಚಾರವೇ ಬೇರೆ. ತನಗೆ ಪಾಠ ಹೇಳಿದ ಸನ್ಯಾಸಿನಿಯರ ಹೆಸರನ್ನೇ ದೊಡ್ಡಮ್ಮ ಅವಕ್ಕೆಲ್ಲ ಇಟ್ಟಿದ್ದಳು. ಸಿಸ್ಟರ್ ಇಗ್ನೇಷಿಯಸ್ ಎಂಬ ಕೆಂಪು ಹೇಂಟೆ ಎಲ್ಲರ ಮೇಲೂ ದರ್ಬಾರು ಮಾಡುವಂಥದು. ಮುಂಚೆ ದೊಡ್ಡಮ್ಮ ಹಿತ್ತಿಲಿಗೆ ಕಾಲಿಟ್ಟರೆ ಸಾಕು, ಸನ್ಯಾಸಿನಿಯರೆಲ್ಲ ಲಂಗ ಎತ್ತಿಕೊಂಡವರ ಹಾಗೆ ಓಡಿಬಂದು ಸಾಲಾಗಿ ಗೂಡು ಸೇರುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಅವಳನ್ನು ಕಂಡರೆ ದಿಕ್ಕಾಪಾಲು. ಕಾಳಿನ ಹೊಸ ಮೂಟೆ ಸರಿಯಿಲ್ಲ ಅಂದಳು, ಬದಲಾಯಿಸಿದಳು. ನರಿ ಬಂದುಹೋಗಿರಬೇಕು ಅಂದಳು, ತಂತಿ ಬಿಗಿಸಿದಳು. ಸಂಜೆಸಂಜೆ ಸಿಸ್ಟರ್ ಇಗ್ನೇಷಿಯಸ್ ಪಕ್ಕದ ಮಾರ್ಟಿ ಟೂಹಿಯ ಸೇಬಿನ ಮರ ಹತ್ತಿ ಕೂರುತ್ತಿತ್ತು, ಇಳಿಸಿಕೊಂಡು ಬರಲು ಲೋರ್ಕನ್ ಏಣಿ ಒಯ್ಯಬೇಕಾಗಿತ್ತು. ಈಗಲೂ ಕೋಳಿಗಳು ಹಾಗೇ ಚದುರಿಹೋದವು. ದೊಡ್ಡಮ್ಮ ಬಕೆಟ್ಟನ್ನು ಹಾಗೇ ವಾಪಸ್ ತಂದು ಬಾಗಿಲಲ್ಲಿ ಇಟ್ಟಳು. "ಅವಕ್ಕೆ ನಾನು ಬೇಡ ಕಣೋ," ಅಂದಳು. ನಗುತ್ತಲೇ ಅಂದಳು, ಆದರೆ ಮೂಗು ಕೆಂಪಾಗಿತ್ತು. ಆಮೇಲೆ ಅವನಿಗೆ ಅಜ್ಜಿಯ ವಿಷಯ ಎತ್ತಲಾಗಲಿಲ್ಲ.

ಹೊರಡುವಾಗ ಬಾಗಿಲ ಪಕ್ಕದ ಪುಟ್ಟ ಬಟ್ಟಲಿಂದ ಪವಿತ್ರ ಜಲ ತೆಗೆದು ತನಗಿಷ್ಟು ಚಿಮುಕಿಸಿಕೊಂಡು ಅವನ ಮುಖಕ್ಕೆ ಸ್ವಲ್ಪ ಹೆಚ್ಚಾಗಿಯೇ ಎರಚಿದಳು. ದಾರಿಯಲ್ಲಿ ಬೇಲಿಯ ಮೇಲೆ ಒಂಟಿ ಮ್ಯಾಗ್‌ಪೈ ಹಕ್ಕಿ ಕೂತಿತ್ತು. ಒಂಟಿ ಕಂಡರೆ ಕೇಡು, ಸಲಾಮು ಹೊಡೆದರೆ ಪರಿಹಾರ. ದೊಡ್ಡಮ್ಮ ಪೊಲೀಸರ ಹಾಗೆ ನಿಂತು ಸಲಾಮು ಹೊಡೆದಳು. ಲೋರ್ಕನ್ ಎರಡು ಸಲ ಹೊಡೆದ.

ಹಾಲ್ ತುಂಬಿತ್ತು. ಹಿಂದೆ ಉದ್ದನೆಯ ಮೇಜಿನ ಮೇಲೆ ಹ್ಯಾಮ್ ಸ್ಯಾಂಡ್‌ವಿಚ್‌ಗಳು, ಮೇಲೆ ಒದ್ದೆ ಬಟ್ಟೆ. ದೊಡ್ಡಮ್ಮ ಬಾಗಿಲಲ್ಲಿ ಒಂದು ಕ್ಷಣ ನಿಂತು, ಕೋಟು ಎಳೆದುಕೊಂಡು, ಕುರ್ಚಿಗಳ ಮಧ್ಯದ ದಾರಿಯಲ್ಲಿ ನಡೆದಳು. ನಿಜಕ್ಕೂ ಚೆನ್ನಾಗಿ ನಡೆದಳು. ಮಾತು ನಿಂತಿತು, ತಲೆಗಳು ತಿರುಗಿದವು. "ಪರವಾಗಿಲ್ಲ ಡೆಲಿಯಾ," ಎಂದು ಮಾರ್ಟಿ ಟೂಹಿ ತನ್ನ ಕುರ್ಚಿಯಿಂದ ಕೂಗಿದ. ನಮ್ಮೂರಲ್ಲಿ ಹೊಗಳಿಕೆ ಅಂದರೆ ಪರವಾಗಿಲ್ಲ ಅನ್ನುವುದು, ಅದಕ್ಕಿಂತ ದೊಡ್ಡ ಮಾತನ್ನು ಸತ್ತವರಿಗೆಂದು ಎತ್ತಿಟ್ಟಿರುತ್ತಾರೆ. ದೊಡ್ಡಮ್ಮನ ಕಿವಿ ಕೆಂಪೇರಿತು. ಅವಳ ಹಿಂದೆ ನಡೆಯುತ್ತಿದ್ದ ಲೋರ್ಕನ್‌ಗೆ ಆ ಕೆಂಪು ಕಿವಿಯನ್ನು ನೋಡಿ, ಫ್ಯೂಸ್ ಕಿತ್ತು ಬಿಸಾಕಿದರೆ ಹೇಗೆ ಅನ್ನಿಸಿತು. ಫ್ಯೂಸ್ ಪೆಟ್ಟಿಗೆ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕಿದ. ಅದರ ಕೆಳಗೆ ಗ್ರಾನ್ಯ ನಿಂತು ಅವನಿಗೆ ಕೈ ಬೀಸುತ್ತಿದ್ದಳು.

ದೀಪ ಆರಿತು. ಹುಡುಗಿ ಬಂದಳು, ಮೇಕೆ ಬಂತು, ಜನ ನಕ್ಕರು. ತಮ್ಮ ತಮ್ಮ ಹೊಲ, ಗೋಡೆ ಗುರುತಿಸಿಕೊಂಡು ಒಬ್ಬರನ್ನೊಬ್ಬರು ತಿವಿದರು. ಲೋರ್ಕನ್ ಪರದೆ ನೋಡದೆ ದೊಡ್ಡಮ್ಮನ ಕೈಯನ್ನು ನೋಡುತ್ತ ಕೂತ. ಚೀಲದ ಹಿಡಿಯ ಮೇಲೆ ಸಡಿಲವಾಗಿ ಮಲಗಿದ್ದ ಕೈ. ಈ ಕೈ ಹೀಗೇ ಇರಲಿ, ದೇವರೇ, ಈ ಸಿನಿಮಾ ಮುಗಿಯುವ ತನಕ ಇದೊಂದು ಚಿತ್ರ ಬದಲಾಗದೆ ಇರಲಿ. ಆಗ ಕತ್ತಲೆಯಲ್ಲಿ ಆ ಶಬ್ದ ಬಂತು. ಗುಡ್ಡದಾಚೆಯಿಂದ, ಇನ್ನೂ ಯಾರೂ ಕಾಣುವ ಮೊದಲೇ. ಸುಯ್, ಮೌನ, ಧೊಪ್. ಸುಯ್, ಮೌನ, ಧೊಪ್. ಆಮೇಲೆ ಗುಡ್ಡದ ನೆತ್ತಿಯಲ್ಲಿ ಕಲ್ಲಜ್ಜಿ ಎದ್ದಳು, ಗೋಡೆಯೆತ್ತರ, ಉಡಿತುಂಬ ಬಂಡೆ. ಎಡಗಾಲು ಬೀಸಿದಳು, ನಿಂತಳು, ಸೊಂಟಕ್ಕೆ ಕೈಕೊಟ್ಟಳು, ಭುಜ ಇಳಿಸಿದಳು. ಅವನಿಗೆ ನಾಚಿಕೆಯ ನಡುವೆಯೂ, ಚೆನ್ನಾಗಿ ಬಂದಿದೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

"ಅಯ್ಯೋ ದೇವ್ರೇ, ಡೆಲಿಯಾ!" ಎಂದು ಮಾರ್ಟಿ ಅರಚಿದ.

ಹಾಲ್ ಬಿದ್ದು ಬಿದ್ದು ನಕ್ಕಿತು. ಯಾರೋ ಕುರ್ಚಿಯಿಂದ ಜಾರಿದರು. ಆಮೇಲೆ ಎಲ್ಲರಿಗೂ ಒಟ್ಟಿಗೇ ಅವಳು ಮುಂದಿನ ಸಾಲಿನಲ್ಲೇ ಇದ್ದಾಳೆಂಬುದು ನೆನಪಾಯಿತು, ನಗು ನಲ್ಲಿ ತಿರುಗಿಸಿದ ಹಾಗೆ ನಿಂತಿತು. ಫಾದರ್ ಟಿಯರ್ನಿ ಕೆಮ್ಮಿದರು. ಪರದೆಯ ಮೇಲೆ ಸುಯ್, ಧೊಪ್ ನಡೆದೇ ಇತ್ತು, ಪಾಪ, ಕಲ್ಲಜ್ಜಿಗೆ ಇದೇನೂ ಗೊತ್ತಿಲ್ಲ. ದೊಡ್ಡಮ್ಮ ಕುತ್ತಿಗೆ ಕೊಂಕಿಸದೆ ಎದುರಿಗೇ ನೋಡುತ್ತಿದ್ದಳು. ಕೊನೆಗೆ ಹಾಲ್‌ನ ಹಿಂದಿನ ಗೋಡೆಗೂ ಕೇಳುವ ಹಾಗೆ ಅಂದಳು: "ಎಡಗಾಲು ಇನ್ನೂ ಸ್ವಲ್ಪ ಹೊರಗೆ ಹೋಗ್ತಿತ್ತು."

ಅಬ್ಬಾ ಎಂದು ಇಡೀ ಹಾಲ್ ಮತ್ತೆ ನಕ್ಕಿತು, ಗ್ರಾನ್ಯ ಚಪ್ಪಾಳೆ ತಟ್ಟಿದಳು, ಎಲ್ಲ ಸರಿಹೋಯಿತು ಎಂದು ಎಲ್ಲರೂ ಅಂದುಕೊಂಡರು. ಲೋರ್ಕನ್‌ಗೆ ಮಾತ್ರ ಹಾಗನ್ನಿಸಲಿಲ್ಲ. ಅವನು ಕಣ್ಣಿನಿಂದಲೇ ಅನ್ನ ಸಂಪಾದಿಸುವವನು. ಚೀಲದ ಹಿಡಿಯ ಮೇಲಿನ ಕೈ ಮುಷ್ಟಿಯಾದದ್ದನ್ನು ಅವನು ನೋಡಿದ್ದ. ಅದು ಎರಡು ಚಿತ್ರಗಳ ನಡುವೆ ಬಂದುಹೋಗುವಂಥ ಸಣ್ಣ ಚಲನೆ, ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆಮೇಲಿನ ಚಹಾ ಇನ್ನೂ ಕಷ್ಟದ್ದಾಯಿತು. ಒಬ್ಬೊಬ್ಬರಾಗಿ ದೊಡ್ಡಮ್ಮನ ಹತ್ತಿರ ಬಂದು ಹವೆ, ಹಾಲಿನ ದರ, ಸ್ಯಾಂಡ್‌ವಿಚ್‌ನ ಸಾಸಿವೆ, ಎಲ್ಲದರ ಬಗ್ಗೆಯೂ ಮಾತಾಡಿದರು. ನಡಿಗೆ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ, ಹೊಸತೂ ಇಲ್ಲ, ಹಳೆಯದೂ ಇಲ್ಲ. ನೀಲಿ ಕೋಟು ಯಾರಿಗೂ ಕಾಣಲೇ ಇಲ್ಲ. ಲೋರ್ಕನ್‌ನ ಬೆನ್ನನ್ನು ಮಾತ್ರ ಎಲ್ಲರೂ ತಟ್ಟಿ ಹೋದರು. ತಟ್ಟಿದಾಗಲೆಲ್ಲ ಅವನ ಚಹಾ ಸಾಸರಿಗೆ ಚೆಲ್ಲುತ್ತಿತ್ತು. ದೊಡ್ಡಮ್ಮ ನಗುತ್ತ ಎಲ್ಲರಿಗೂ ಉತ್ತರ ಕೊಟ್ಟಳು. ಆದರೆ ಎದ್ದು ಓಡಾಡಲಿಲ್ಲ, ಕೂತಲ್ಲೇ ಕೂತಿದ್ದಳು. ಕೂತಿದ್ದ ದೊಡ್ಡಮ್ಮನನ್ನು ನೋಡುವುದಕ್ಕಿಂತ ಸಿಸ್ಟರ್ ಇಗ್ನೇಷಿಯಸ್ ಜೊತೆ ಸೇಬಿನ ಮರದಲ್ಲಿ ರಾತ್ರಿ ಕಳೆಯುವುದೇ ಮೇಲು ಎಂದು ಅವನಿಗೆ ತೋರಿತು.

ಮನೆಗೆ ವಾಪಸಾಗುವಾಗ ಅವಳು ಮುಂದೆ ಮುಂದೆ ನಡೆದಳು, ನೆಟ್ಟಗೆ, ವೇಗವಾಗಿ. ಬೇಲಿಯ ಮೇಲೆ ಮ್ಯಾಗ್‌ಪೈ ಇನ್ನೂ ಕೂತಿತ್ತು, ಅವಳು ಅದರ ಕಡೆ ತಿರುಗಲಿಲ್ಲ. ಲೋರ್ಕನ್ ಇಬ್ಬರ ಪರವಾಗಿಯೂ ಸಲಾಮು ಹೊಡೆದು ಹಿಂದೆ ಓಡಿದ. ಓಡುವಾಗ ತನ್ನ ಎಡಗಾಲು ಹೊರಕ್ಕೆ ಬೀಸುತ್ತಿದೆ ಎಂಬುದು ಗಮನಕ್ಕೆ ಬಂತು. ಸ್ಟುಡಿಯೋದ ಕಾರಿಡಾರಿನಲ್ಲಿ ಕಲಿತದ್ದು ಬಿಟ್ಟುಹೋಗಿರಲಿಲ್ಲ. ಅವಳು ಹಿಂತಿರುಗಿ ನೋಡಿದರೆ ಇನ್ನೂ ಅಣಕಿಸುತ್ತಿದ್ದಾನೆ ಅಂದುಕೊಳ್ಳುತ್ತಾಳಲ್ಲ ಎಂದು ಅಂಜಿ ಕಾಲನ್ನು ಒಳಕ್ಕೆ ಎಳೆದುಕೊಂಡ. ಒಳಕ್ಕೆ ಎಳೆದರೆ ಇನ್ನೂ ವಿಚಿತ್ರವಾಗಿ ನಡೆಯುತ್ತಿದ್ದ. ತನ್ನದೇ ನಡಿಗೆ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದ, ನೆನಪಾಗಲಿಲ್ಲ.

ಹಿತ್ತಿಲಲ್ಲಿ ಇನ್ನೂ ಒಳ್ಳೆ ಬೆಳಕಿತ್ತು, ಸಣ್ಣಗೆ ಜಿನುಗು. ಸನ್ಯಾಸಿನಿಯರು ಅಂಗಳದ ತುಂಬ ಚದುರಿದ್ದರು, ಇಗ್ನೇಷಿಯಸ್ ಮರದ ಮೇಲೆ. ದೊಡ್ಡಮ್ಮ ಬಕೆಟ್ ಎತ್ತಿಕೊಂಡು ಅಲ್ಲೇ ನಿಂತಳು. ಆಮೇಲೆ ನೀಲಿ ಕೋಟು ಬಿಚ್ಚಿ ಮೊಳೆಗೆ ಹಾಕಿ, ಬಾಗಿಲ ಹಿಂದಿನ ಹಳೇ ಕೋಟನ್ನೂ ತಲೆವಸ್ತ್ರವನ್ನೂ ಅವನ ಮೈಮೇಲೆ ಎಸೆದಳು.

"ಹಾಕ್ಕೋ."

"ದೊಡ್ಡಮ್ಮ, ನಾನು ಬೇಕಂತ..."

"ಹಾಕ್ಕೋ ಅಂದೆ. ಆ ಸಿನಿಮಾದಲ್ಲಿ ಶಬ್ದ ಕೇಳಿಸ್ತಲ್ಲ, ಆವಾಗ ಹೊಳೀತು ನಂಗೆ. ನನ್ನ ಕೋಳಿಗಳಿಗೆ ನನ್ನ ಮುಖ ಯಾವತ್ತೂ ಬೇಕಿರ್ಲಿಲ್ಲ ಕಣೋ. ಅವಕ್ಕೆ ಗೊತ್ತಿದ್ದಿದ್ದು ಆ ಧೊಪ್ ಒಂದೇ. ನಾನೀಗ ಮಾಡೋಕೆ ಹೋದ್ರೆ ಆಗ್ತಿಲ್ಲ, ನಿನ್ನೆ ರಾತ್ರಿ ಕೋಣೇಲಿ ಮಾಡಿ ನೋಡ್ದೆ." ಏನು ಹೇಳಿದೆ ಎಂದು ಅವಳಿಗೇ ಆಶ್ಚರ್ಯವಾದಂತೆ ಒಂದು ಕ್ಷಣ ನಿಂತಳು. "ಹೂಂ, ಮಾಡಿ ನೋಡ್ದೆ. ಅದಿಲ್ದೆ ಮನೆ ಭಣಭಣ ಅಂತಿತ್ತು. ಅದಕ್ಕೆ."

"ನಿಂಗೆ ನನ್ ಮೇಲೆ ಕೋಪ ಇಲ್ವಾ?"

"ಇದೆ. ತುಂಬಾ ಇದೆ. ಒಂದಷ್ಟು ದಿನ ಇರುತ್ತೆ, ಮೊಟ್ಟೆ ನೀನೇ ಬೇಯಿಸ್ಕೋ. ಹೇಳಬಹುದಿತ್ತಲ್ಲೋ ಒಂದು ಮಾತು. ಹೊಸ ಕೋಟು ಹಾಕ್ಕೊಂಡು ಹೋಗಿ ಕೂತೆ ನಾನು." ಬಕೆಟ್ಟನ್ನು ಅವನ ಕೈಗೆ ತುರುಕಿದಳು. "ಈಗ ನಡಿ," ಎಂದು ತಾನು ಗೂಡಿನ ಗೋಡೆಯ ಮರೆಗೆ ಹೋಗಿ ನಿಂತಳು.

ಲೋರ್ಕನ್ ತಲೆವಸ್ತ್ರ ಕಟ್ಟಿಕೊಂಡ. ಕೋಟಿನಲ್ಲಿ ಅವಳ ವಾಸನೆ, ಕಾಳಿನ ಧೂಳು, ಹಳೇ ಪುದೀನಾ ಮಿಠಾಯಿ. ಎಡಗಾಲು ಬೀಸಿದ, ನಿಂತ, ಸೊಂಟಕ್ಕೆ ಕೈಕೊಟ್ಟ, ಭುಜ ಇಳಿಸಿದ, ಧೊಪ್. ಒದ್ದೆ ಕಲ್ಲಿನ ಮೇಲೆ ಶಬ್ದ ಚೆನ್ನಾಗಿಯೇ ಬಂತು. ಒಂದು ಕೋಳಿ ತಲೆ ಎತ್ತಿತು. ಇನ್ನೊಂದು. ಸುಯ್, ಧೊಪ್. ಬೇಲಿಯ ಸಂದಿಯಿಂದ, ಗೊಬ್ಬರದ ಗುಂಡಿಯಿಂದ, ಸೌದೆಯ ಹಿಂದಿನಿಂದ ಸನ್ಯಾಸಿನಿಯರು ಲಂಗ ಎತ್ತಿಕೊಂಡು ಓಡಿಬಂದರು. ಸಿಸ್ಟರ್ ಇಗ್ನೇಷಿಯಸ್ ಮರದಿಂದ ಒಂದು ಮೂಟೆಯ ಹಾಗೆ ಧುಮುಕಿ, ರೆಕ್ಕೆ ಕೊಡವಿ, ಎಲ್ಲರನ್ನೂ ಕುಕ್ಕಿ ಸರಿಸಿ ಸಾಲಿನ ಮುಂದೆ ಬಂದು ನಿಂತಿತು. ಅವನಿಗೆ ತಿರುಗಿ ದೊಡ್ಡಮ್ಮನ ಮುಖ ನೋಡಬೇಕೆನ್ನಿಸಿತು, ಧೈರ್ಯ ಸಾಲಲಿಲ್ಲ. ಗೂಡಿನ ಗೋಡೆಯ ಮರೆಯಿಂದ ಅವಳ ಧ್ವನಿ ಮಾತ್ರ ಬಂತು. "ಹೀಗಾ ನಡೀತಿದ್ದೆ ನಾನು?"

"ಹೂಂ."

"ನಲವತ್ತು ವರ್ಷ?"

"ಹೂಂ, ದೊಡ್ಡಮ್ಮ."

ಅವನು ಇನ್ನೊಂದು ಹೆಜ್ಜೆ ಹಾಕಿದ, ಧೊಪ್. ಆಮೇಲೆ ಅವಳು, "ಪರವಾಗಿಲ್ಲ," ಅಂದಳು. ತನ್ನ ಹಳೇ ಸೊಂಟಕ್ಕೆ ಅಂದಳೋ, ನಡೆದು ತೋರಿಸಿದ ಅವನಿಗೆ ಅಂದಳೋ, ಅವನು ಕೇಳಲಿಲ್ಲ.

ಅದೇ ಹೊತ್ತಿಗೆ ಕೋಳಿ ಇಳಿಸಿಕೊಡಲೆಂದು ಗೋಡೆಯಾಚೆ ಏಣಿ ಹಿಡಿದುಕೊಂಡು ಬಂದ ಮಾರ್ಟಿ ಟೂಹಿ ಜಿನುಗಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದ. ನೋಡಿದವನು ಏಣಿಯನ್ನು ಕೆಳಗಿಟ್ಟು ಟೋಪಿ ತೆಗೆದ.

"ಅಯ್ಯೋ ಡೆಲಿಯಾ, ಇದೇನಮ್ಮಾ, ಕೀಲು ಕಳಚಿಬಿಡ್ತಾ? ಹಾಲ್‌ನಲ್ಲಿ ನಾನು ಕಿರುಚಿದ್ದಕ್ಕಾ? ತಪ್ಪಾಯ್ತು ತಾಯಿ, ಎದೆ ಒಡೆದ ಹಾಗಾಗ್ತಿದೆ ನಂಗೆ. ನೀಲಿ ಕೋಟಲ್ಲಿ ನೀನು ರಾಣಿ ಹಾಗೆ ನಡ್ಕೊಂಡು ಬಂದೆ, ಊರೋರೆಲ್ಲ ಹೊಟ್ಟೆ ಉರ್ಕೊಂಡ್ರು, ಗೊತ್ತಾ?"

"ತಿರುಗಬೇಡ," ಎಂದು ದೊಡ್ಡಮ್ಮ ಮರೆಯಿಂದ ಪಿಸುಗುಟ್ಟಿದಳು. "ಇನ್ನೂ ಹೇಳ್ಲಿ."

ಲೋರ್ಕನ್ ತಿರುಗಲಿಲ್ಲ. ಅವಳು ಎತ್ತುತ್ತಿದ್ದ ಹಾಗೆಯೇ ಒಂದು ಕೈ ಎತ್ತಿ, ಹೋಗು ಹೋಗು ಎಂದು ಆಡಿಸಿ, ಧೊಪ್ಪೆಂದು ಗೂಡಿನೊಳಗೆ ಕಾಲಿಟ್ಟ. ಹಿಂದೆ ಸನ್ಯಾಸಿನಿಯರೆಲ್ಲ ಸಾಲಾಗಿ ಬಂದರು. ಗೋಡೆಯಾಚೆ ಮಾರ್ಟಿ ಇನ್ನೂ ಹೊಗಳುತ್ತಲೇ ಇದ್ದ, ಸತ್ತವರಿಗೆಂದು ಎತ್ತಿಟ್ಟ ಮಾತುಗಳೆಲ್ಲ ಹೊರಗೆ ಬರುತ್ತಿದ್ದವು. ದೊಡ್ಡಮ್ಮ ಬಾಯಿಗೆ ಸೆರಗಿನ ಹಾಗೆ ಅಂಗಿಯ ತೋಳು ಒತ್ತಿಕೊಂಡು, ನಗು ತಡೆಯಲಾರದೆ ಗೋಡೆಗೆ ಒರಗಿದ್ದಳು. ಇನ್ನೊಂದು ಕೈಯನ್ನು ಸೊಂಟಕ್ಕೆ ಕೊಟ್ಟಿದ್ದಳು, ನೋವಿಲ್ಲದ ಆ ಹಳೆಯ ಜಾಗಕ್ಕೇ.